ಡಿಪ್ಪರ್ ಹೊಡಿ ಅಣ್ಣ

ಲಾರಿ ಷೆಡ್ಡುಗಳ ಸಾಲಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಲೈಟಕ್ಕ. ತಲೆ ನರೆತ ಡ್ರೈವರುಗಳೂ ಅಕ್ಕ ಎಂದೇ ಅನ್ನಬೇಕು, ಅನ್ನದಿದ್ದರೆ ಅವರ ಲಾರಿ ಸಾಲಿನ ಕೊನೆಗೆ ಹೋಗುತ್ತದೆ. ಲಾರಿಯ ಕರೆಂಟಿನ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವಳಿಗೆ ಗೊತ್ತು. ಗೊತ್ತಿರುವುದನ್ನು ಮುಚ್ಚಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಬೇರೆಯವರು ಹೊಗಳಲಿ ಎಂದು ಕಾಯುತ್ತ ಕೂರಲು ಅಷ್ಟು ಪುರುಸೊತ್ತಾದರೂ ಯಾರಿಗಿದೆ?

ಷೆಡ್ಡು ಅಪ್ಪನದು. ಅಪ್ಪ ಈ ಕಸುಬನ್ನು ಕಲಿಸಲು ಹೊರಟದ್ದು ಅಣ್ಣನಿಗೆ. ಅಣ್ಣನಿಗೋ ನಿಂತ ಲಾರಿಯ ಮೇಲೆ ಮನಸ್ಸೇ ಇಲ್ಲ, ಓಡುವ ಲಾರಿಯೇ ಬೇಕು. ಅವನು ಸ್ಟೇರಿಂಗ್ ಹಿಡಿದ, ತಂಗಿ ಸ್ಕ್ರೂಡ್ರೈವರ್ ಹಿಡಿದಳು. ಅಪ್ಪನಿಂದ ಅವಳಿಗೆ ಒಂದು ಪದ್ಧತಿಯೂ ಬಂತು. ಲೈಟಿನ ಕೆಲಸ ಮುಗಿದ ಮೇಲೆ ಡ್ರೈವರನ್ನು ಸೀಟಿನಲ್ಲಿ ಕೂರಿಸಿ, ತಾನು ಲಾರಿಯ ಮೂತಿಗೆ ಎದುರಾಗಿ ನಿಲ್ಲುತ್ತಾಳೆ. "ಪಾರ್ಕ್! ಡಿಮ್! ಬ್ರೈಟ್! ಡಿಪ್ಪರ್!" ಎಂದು ಕೂಗುತ್ತಾಳೆ. ಡಿಪ್ಪರ್ ಎಂದರೆ ಸ್ಟೇರಿಂಗಿನ ಬಲಕ್ಕಿರುವ ಕಡ್ಡಿಯನ್ನು ಬೆರಳಲ್ಲಿ ಎಳೆದು ಬ್ರೈಟ್ ಲೈಟನ್ನು ಮಿಂಚಿಸಿ ಬಿಡುವುದು. ಕೂಗಿದ ಹಾಗೆ ಲೈಟು ಬಂದರೆ ಮಾತ್ರ ಲಾರಿ ಷೆಡ್ಡು ಬಿಡಬೇಕು. ಒಳಗೆ ಕೂತವನಿಗೆ ಸಮಾಧಾನವಾಯಿತೋ ಇಲ್ಲವೋ ಅವಳಿಗೆ ಬೇಕಿಲ್ಲ, ಎದುರಿನಿಂದ ಬರುವವರ ಕಣ್ಣಿಗೆ ಏನು ಬೀಳುತ್ತದೆ ಎಂಬುದಷ್ಟೇ ಬೇಕು.

ಒಂದು ಮಧ್ಯಾಹ್ನ ಅಣ್ಣನ ಲಾರಿ ಬಂದು ನಿಂತಿತು. ಅವನು ಇಳಿದು, ಮುರಿದ ಹೆಡ್‌ಲೈಟ್ ಸ್ವಿಚ್ಚಿನ ಕಡ್ಡಿಯನ್ನು ಅವಳ ಮುಂದೆ ಹಿಡಿದ.

"ಮತ್ತೆ ಮುರೀತಾ?"

"ಬುಡಕ್ಕೇ ಹೋಯ್ತು ನೋಡು. ನೀನು ತರಿಸೋ ಮಾಲೇ ಸರಿಯಿಲ್ಲ."

ಲೈಟಕ್ಕನ ಪಿತ್ತ ನೆತ್ತಿಗೇರಿತು. ಈ ವರ್ಷದಲ್ಲೇ ಇದು ಮೂರನೆಯದು. ಎರಡನೆಯದು ಮುರಿದಾಗಲೇ ಅವಳು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, "ಇದೇನು ಸ್ವಿಚ್ಚೋ ಬಿಸ್ಕತ್ತೋ?" ಎಂದು ಗಿರಾಕಿಗಳ ಎದುರಿಗೇ ಅಂಗಡಿಯವನ ನೀರಿಳಿಸಿ ಬಂದಿದ್ದಳು. ಅವನು ಪಾಪ, ಮಾಲು ಒಳ್ಳೆಯದೇ ಎಂದು ಆಣೆ ಮಾಡಿ ಇನ್ನೊಂದನ್ನು ತಾನೇ ಆರಿಸಿ ಕೊಟ್ಟಿದ್ದ. ಈಗ ಮುರಿದು ಬಂದದ್ದು ಅದೇ. ಪುಣ್ಯಕ್ಕೆ ಷೆಡ್ಡಿನಲ್ಲಿ ಬೇರೆ ಕಡೆಯಿಂದ ತರಿಸಿಟ್ಟ ಸ್ವಿಚ್ಚೊಂದಿತ್ತು.

"ಸಂಜೆ ದೂರದ ಲೋಡಿದೆ. ಕತ್ತಲಲ್ಲೇ ಓಡಿಸಬೇಕು. ಬೇಗ ಮುಗಿಸ್ಕೊಡು."

"ನೀನು ಟೀ ಕುಡಿಯೋದ್ರೊಳಗೆ ಮುಗಿಸಿರ್ತೀನಿ. ಅದ್ಸರಿ, ಇತ್ತೀಚೆಗೆ ಏನು ಬರೀ ಟೀ ಶರ್ಟು? ವಯಸ್ಸು ಹಿಂದಕ್ಕೆ ಓಡ್ತಿದೆಯಾ? ಅತ್ತಿಗೆಗೆ ಗೊತ್ತೇನು ಈ ಷೋಕಿ?"

ಇಸ್ತ್ರಿ ಮಾಡಿದ ಅಂಗಿಗೆ ಕತ್ತಿನವರೆಗೆ ಗುಂಡಿ ಹಾಕದೆ ಲಾರಿ ಹತ್ತಿದವನಲ್ಲ ಅಣ್ಣ. ಅವನು ನಕ್ಕ ಹಾಗೆ ಮಾಡಿ, ಟೀ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡು ಬೆಂಚಿನ ಮೇಲೆ ಕೂತ.

ಲೈಟಕ್ಕ ಬ್ಯಾಟರಿಯ ವೈರು ಕಳಚಿ ಕ್ಯಾಬಿನ್ ಹತ್ತಿದಳು. ಹಾರ್ನಿನ ಮುಚ್ಚಳ ತೆಗೆದಳು. ಸ್ಟೇರಿಂಗ್ ಚಕ್ರ ಮತ್ತೆ ಇದ್ದ ಹಾಗೇ ಕೂರಲೆಂದು ಬಿಳಿ ಬಣ್ಣದ ಗೆರೆ ಎಳೆದು, ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯದೆ ತುದಿಯಲ್ಲಿ ಉಳಿಸಿದಳು. ಕಸುಬಿಗೆ ಹೊಸಬಳಾಗಿದ್ದಾಗ ಪೂರ್ತಿ ತೆಗೆದು ಎಳೆದು, ಚಕ್ರ ಕಿತ್ತುಕೊಂಡು ಬಂದು ಮೂಗಿಗೆ ಬಡಿದಿತ್ತು. ಆ ಮೂಗು ಇವತ್ತಿಗೂ ಸ್ವಲ್ಪ ಸೊಟ್ಟ. ಚಕ್ರ ಬಂದ ಮೇಲೆ ಕೆಳಗಿನ ಕವರಿನ ಸ್ಕ್ರೂಗಳನ್ನು ಬಿಚ್ಚಿ, ಹಳೆಯ ಸ್ವಿಚ್ಚನ್ನು ವೈರುಗಳಿಂದ ಬಿಡಿಸಿದಳು.

ಹಳೆಯದನ್ನು ಬಿಸಾಡುವ ಮುಂಚೆ ತಿರುಗಿಸಿ ನೋಡುವುದು ಅವಳ ಅಭ್ಯಾಸ. ಮುರಿದ ಕಡ್ಡಿಯನ್ನೂ ಬೆಳಕಿಗೆ ಹಿಡಿದಳು. ಲೈಟು ಹಾಕಲು ತುದಿಯ ಗುಬುಟನ್ನು ಬೆರಳಿನಿಂದ ತಿರುವಬೇಕು. ಓಡಾಡುವ ಲಾರಿಯಲ್ಲಿ ಅದರ ಮೇಲಿನ ದೀಪದ ಚಿತ್ರ ಬೆರಳು ತಾಗಿ ತಾಗಿ ಅಳಿಸಿಹೋಗುತ್ತದೆ. ಇಲ್ಲಿ ಚಿತ್ರ ಅಂಗಡಿಯಿಂದ ಬಂದಷ್ಟೇ ಹೊಸದಾಗಿತ್ತು. ಸವೆದು ನುಣ್ಣಗಾದದ್ದು ಕಡ್ಡಿಯ ನಡುಭಾಗ. ಇದನ್ನು ಯಾರೂ ಬೆರಳಿನಿಂದ ಮುಟ್ಟಿರಲಿಲ್ಲ. ಮಣಿಕಟ್ಟಿನಿಂದ, ಇಡೀ ತೋಳಿನ ಬಲ ಬಿಟ್ಟು ತಳ್ಳಿದ್ದರು.

ಅವಳು ಬೆಂಚಿನ ಕಡೆ ನೋಡಿದಳು. ಅಣ್ಣನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಗುಂಡಿಯಿಲ್ಲದ ಅಂಗಿ, ಎಡಗೈಯ ಲೋಟ, ಎಲ್ಲ ಒಟ್ಟಿಗೆ ಕಣ್ಣಿಗೆ ಹೊಡೆಯಿತು. ಈ ಕೈಯಲ್ಲಿ ಇವನು ಲಾರಿ ತುಂಬ ಲೋಡು ಹೇರಿಕೊಂಡು ಕತ್ತಲಲ್ಲಿ ಹೊರಡುವವನಿದ್ದ.

ಅವಳು ಹೊಸ ಸ್ವಿಚ್ಚು ಕೂರಿಸಿ, ಚಕ್ರವನ್ನು ಗೆರೆಗೆ ಸರಿಯಾಗಿ ಹಾಕಿ ಬಿಗಿದಳು. ಕವರಿನ ಒಂದು ಸ್ಕ್ರೂ ಮಾತ್ರ ಜೇಬಿಗಿಳಿಸಿದಳು. ಬ್ಯಾಟರಿಯ ವೈರು ಹಾಕಿ, ಅಣ್ಣನನ್ನು ಸೀಟಿನಲ್ಲಿ ಕೂರಿಸಿ, ತಾನು ಎದುರಿಗೆ ನಿಂತಳು.

"ಪಾರ್ಕ್! ಡಿಮ್!"

ಲೈಟು ಬಂತು. ಗಾಜಿನೊಳಗೆ ಅಣ್ಣನ ಎಡಗೈ ಚಕ್ರವನ್ನು ದಾಟಿ ಬಲಕ್ಕೆ ಹೋದದ್ದೂ ಕಂಡಿತು. ಲೈಟಕ್ಕ ಕೂಗುವುದನ್ನು ನಿಲ್ಲಿಸಿ ಕ್ಯಾಬಿನ್ ಹತ್ತಿ, ಜೇಬಿನ ಸ್ಕ್ರೂ ತೆಗೆದು ಅವನ ಮುಂದೆ ಹಿಡಿದಳು.

"ಇದೊಂದು ಉಳ್ಕೊಂಡಿದೆ, ಹಾಕಣ್ಣ. ಬಲಗೈಲಿ."

ಅವನು ತೆಗೆದುಕೊಂಡ. ಸ್ಕ್ರೂ ಬೆರಳುಗಳ ನಡುವೆ ನಿಲ್ಲದೆ ಟಣ್ಣೆಂದು ಕೆಳಗೆ ಬಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಯಾವಾಗಿಂದ?"

"ಜೋಮು ಹಿಡಿದಂಗಿರುತ್ತೆ ಅಷ್ಟೇ. ಹೆಬ್ಬೆರಳು, ಪಕ್ಕದ ಎರಡು. ಸ್ಟೇರಿಂಗ್ ಹಿಡಿಯಕ್ಕೇನೂ ತೊಂದರೆ ಇಲ್ಲ."

"ಸ್ಕ್ರೂ ಹಿಡಿಯಕ್ಕಾಗ್ದೋನು ಸ್ಟೇರಿಂಗ್ ಹಿಡೀತೀಯಾ? ಡಾಕ್ಟರ ಹತ್ರ ಹೋಗಿದ್ಯಾ?"

"ಹೋದ್ರೆ ಲಾರಿ ಬಿಡು ಅಂತಾರೆ. ಲಾರಿ ಬಿಟ್ರೆ ನಾನು ಯಾರೇ?" ಅಣ್ಣನ ದನಿ ಏರಿತು. "ಕೆಲಸ ಆಯ್ತಲ್ಲ, ಇಳಿ ಕೆಳಗೆ. ಲಾರಿ ನಂದು."

ಅವಳು ಇಳಿದಳು. ಅವನು ಇಂಜಿನ್ ಚಾಲೂ ಮಾಡಿದ. ಲೈಟಕ್ಕ ಮತ್ತೆ ಬಂಪರಿನ ಎದುರಿಗೇ ಬಂದು, ಸೊಂಟಕ್ಕೆ ಕೈಯಿಟ್ಟು ನಿಂತಳು. ಪಕ್ಕದ ಷೆಡ್ಡಿನವರು ಕೆಲಸ ಬಿಟ್ಟು ನೋಡತೊಡಗಿದರು.

"ಲಾರಿ ನಿಂದೇ. ಎದುರಿಗೆ ನಿಂತಿರೋಳು ನಾನು," ಎಂದು ಇಂಜಿನ್ನಿನ ಸದ್ದನ್ನೂ ಮೀರಿಸಿ ಕೂಗಿದಳು. "ಬಲಗೈ ಬೆರಳಲ್ಲಿ ಒಂದೇ ಒಂದು ಡಿಪ್ಪರ್ ಹೊಡಿ ಅಣ್ಣ. ಸರೀತೀನಿ."

ಅವನು ಪ್ರಯತ್ನಿಸಿದ. ಭುಜ ಅಲುಗಿತು, ಮುಖ ಕೆಂಪಾಯಿತು. ಲೈಟು ಬರಲಿಲ್ಲ. ಅವಳಿಗೆ ಅಳು ಒತ್ತಿಕೊಂಡು ಬಂದರೂ ಅಲ್ಲಿಂದ ಒಂದಿಂಚೂ ಕದಲಲಿಲ್ಲ. ಕೊನೆಗೆ ಇಂಜಿನ್ ನಿಂತಿತು. ಅಣ್ಣ ಇಳಿದು ಬಂದು ಬೀಗದ ಕೈಯನ್ನು ಅವಳ ಅಂಗೈಯಲ್ಲಿ ಇಟ್ಟ.

ಆ ಲೋಡನ್ನು ಬೇರೆಯವರು ಒಯ್ದರು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಸಣ್ಣದೊಂದು ಆಪರೇಷನ್ ಸಾಕು, ಇನ್ನೂ ತಡ ಮಾಡಿದ್ದರೆ ಕೈ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ ಆಗಿ ಕೈಗೆ ಮತ್ತೆ ಕಸುವು ಬರುವವರೆಗೆ ಲಾರಿ ಷೆಡ್ಡಿನಲ್ಲೇ ನಿಂತಿತು. ಆ ನಡುವೆ ಲೈಟಕ್ಕ ಸ್ಪೇರ್ ಪಾರ್ಟ್ಸ್ ಅಂಗಡಿಗೂ ಹೋಗಿಬಂದಳು. ಗಿರಾಕಿಗಳು ತುಂಬಿರುವ ಹೊತ್ತನ್ನೇ ನೋಡಿಕೊಂಡು ಹೋಗಿ, "ನಿನ್ನ ಮಾಲು ಚೆನ್ನಾಗೇ ಇತ್ತು ಕಣಪ್ಪ, ತಪ್ಪು ನಂದು," ಎಂದಳು. ಅಂಗಡಿಯವನಿಗೆ ಬೈಸಿಕೊಂಡದ್ದಕ್ಕಿಂತ ಇದರಿಂದಲೇ ಹೆಚ್ಚು ಗಾಬರಿಯಾಯಿತು.

ಒಂದು ಬೆಳಿಗ್ಗೆ ಅಣ್ಣ ಇಸ್ತ್ರಿ ಅಂಗಿ ತೊಟ್ಟು ಬಂದ. ಕತ್ತಿನವರೆಗೂ ಗುಂಡಿ.

"ಅತ್ತಿಗೆ ಹಾಕಿದ್ರಾ?"

"ಬೇಕಾದ್ರೆ ಬಿಚ್ಚಿ ಹಾಕ್ತೀನಿ, ನೋಡ್ತೀಯಾ?"

"ಅದೆಲ್ಲ ಬೇಡ." ಆವತ್ತು ಬಿದ್ದಿದ್ದ ಕವರಿನ ಸ್ಕ್ರೂವನ್ನು ಅವಳು ಆಮೇಲೆ ಹೆಕ್ಕಿಟ್ಟುಕೊಂಡಿದ್ದಳು, ಅದನ್ನು ಜೇಬಿನಿಂದ ತೆಗೆದು ಕೊಟ್ಟಳು. ಅಣ್ಣ ಕ್ಯಾಬಿನ್ ಹತ್ತಿ, ಬಗ್ಗಿ, ಬಲಗೈಯಲ್ಲಿ ಅದನ್ನು ತೂತಿಗೆ ಹಿಡಿದು ನಿಧಾನವಾಗಿ ತಿರುವಿದ. ಬೀಳಲಿಲ್ಲ.

ಲೈಟಕ್ಕ ಎದುರಿಗೆ ನಿಂತಳು.

"ಪಾರ್ಕ್! ಡಿಮ್! ಬ್ರೈಟ್!"

ಒಂದರ ಹಿಂದೊಂದು ಬಂದವು. ಅವನ ಎಡಗೈ ಗಾಜಿಗೆ ಒರಗಿ ಅವಳಿಗೆ ಕಾಣುವ ಹಾಗೇ ಇತ್ತು.

"ಡಿಪ್ಪರ್ ಹೊಡಿ ಅಣ್ಣ!"

ಅವನು ಹೊಡೆದ. ಒಂದು ಸಲಕ್ಕೆ ನಿಲ್ಲಿಸದೆ, ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಬೈಯುವವರೆಗೂ ಹೊಡೆಯುತ್ತಲೇ ಇದ್ದ. ಆಮೇಲೆ ಇಂಜಿನ್ ಚಾಲೂ ಮಾಡಿದ. ಲೈಟಕ್ಕ ಪಕ್ಕಕ್ಕೆ ಸರಿದಳು.