ಕೀ ಟ್ರಕ್ಕಿನಲ್ಲೇ ಇತ್ತು

ಆ ಹಾಡಿನಲ್ಲಿ ಮೊದಲು ಒಂದು ಪಿಟೀಲು ಮುರಿಯುತ್ತದೆ, ಆಮೇಲೆ ಅದನ್ನು ನುಡಿಸುತ್ತಿದ್ದವನ ಹಲ್ಲು, ಕೊನೆಗೆ ಗಾಯಕನ ಹೆಂಡತಿ ಸಾಯುತ್ತಾಳೆ. ಎಂಟನೇ ವಯಸ್ಸಿನಲ್ಲಿ ಅಮೆರಿಕದ ಹಳ್ಳಿಗಾಡಿನ ಆ ಕಂಟ್ರಿ ಹಾಡೆಂದರೆ ನನಗೆ ಪ್ರಾಣ.

ಶಿಕಾಗೋ ಹೊರವಲಯದ ನಮ್ಮ ಮನೆಯಲ್ಲಿ ಹಾಡುಗಳಿಗೆ ಮಡಿ ಮೈಲಿಗೆ ಇತ್ತು. ಸಿನಿಮಾ ಹಾಡಿನಲ್ಲಿ ನಾಯಕ ನಾಯಕಿಯ ಸೊಂಟ ಮುಟ್ಟಿದರೆ ಸಾಕು, ಅಮ್ಮ ರಿಮೋಟ್ ಹುಡುಕುತ್ತಿದ್ದಳು. ಕಂಟ್ರಿ ಹಾಡಿಗೆ ಆ ಕಾಟವಿರಲಿಲ್ಲ. ಅದರಲ್ಲಿ ಮುತ್ತಿಲ್ಲ, ತಾಯಿ ಇದ್ದಾಳೆ, ದೇವರಿದ್ದಾನೆ, ಹೊಳೆ ಇದೆ. ಅಪ್ಪನಿಗಂತೂ ಅದೇ ಇಂಗ್ಲಿಷ್ ಪಾಠ. "ಬೇರೆಯವರು ಶಬ್ದ ನುಂಗ್ತಾರೆ, ಇವರು ಬಿಡಿಸಿ ಹೇಳ್ತಾರೆ" ಎನ್ನುತ್ತಿದ್ದರು. ಲೆಮಾಂಟ್ ದೇವಸ್ಥಾನಕ್ಕೆ ಹೋಗುವಾಗಲೆಲ್ಲ ಕಾರಿನಲ್ಲಿ ಅದೇ ಕ್ಯಾಸೆಟ್. ಗೋಪುರ ಕಂಡೊಡನೆ ಅದನ್ನು ನಿಲ್ಲಿಸಿ ಭಜನೆ ಹಾಕುತ್ತಿದ್ದರು. ಅಷ್ಟರಲ್ಲಿ ಹಾಡಿನ ಹೆಂಡತಿ ಹೊಳೆಯ ಪಾಲಾಗಿರುತ್ತಿದ್ದಳು.

ಒಂದು ವರ್ಷ ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ರೇಷ್ಮೆ ಲಂಗ ಉಟ್ಟು ಇದನ್ನೇ ಹಾಡಿದೆ. ಮುಂದಿನ ಸಾಲಿನ ಆಂಟಿಯರು ತೊಡೆ ತಟ್ಟುತ್ತ ತಾಳ ಹಾಕಿದರು. ಹೆಂಡತಿಗೆ ಗುಂಡು ಬೀಳುವ ಕಡೆ ತಾಳ ಸರಿಯಾಗಿ ಸಮಕ್ಕೆ ಬಂತು. ಬಹುಮಾನವಾಗಿ ಸ್ಟೀಲಿನ ಡಬ್ಬಿ ಸಿಕ್ಕಿತು. "ಅಮ್ಮನ ಬಗ್ಗೆ ಎಷ್ಟು ಚೆನ್ನಾಗಿ ಹಾಡಿದ್ಯೇ" ಎಂದು ಒಬ್ಬ ಆಂಟಿ ಗಲ್ಲ ಹಿಂಡಿದರು.

ಮೊನ್ನೆ ಮತ್ತೆ ಲೆಮಾಂಟಿಗೆ ಹೊರಟಿದ್ದೆವು. ಡ್ರೈವಿಂಗ್ ನನ್ನದು, ಪಕ್ಕದಲ್ಲಿ ಅಪ್ಪ, ಹಿಂದೆ ಏಳು ವರ್ಷದ ಮಗಳು. ಅಪ್ಪ ಫೋನಿನಲ್ಲಿ ಆ ಹಾಡು ಹುಡುಕಿ ಹಾಕಿದರು. ಈ ಸಲ ಹಬ್ಬಕ್ಕೆ ಮೊಮ್ಮಗಳ ಕೈಲಿ ಇದನ್ನೇ ಹಾಡಿಸಬೇಕಂತೆ.

"ನಿಮ್ಮಮ್ಮ ಪ್ರೈಜ್ ತಗೊಂಡಿದ್ಲು ಗೊತ್ತಾ?" ಎಂದರು.

ಎಷ್ಟೋ ವರ್ಷದ ನಂತರ ಅದನ್ನು ಕಿವಿಗೊಟ್ಟು ಕೇಳಿದೆ. ಎಂಥ ಭಂಡ ಹಾಡು! ಹೆಂಡತಿ ಪಿಟೀಲಿನವನ ಕಡೆ ನೋಡಿ ನಕ್ಕಳು, ಅಷ್ಟೇ ಅವಳ ತಪ್ಪು. ಇವನು ಅವಳನ್ನು ಕೆಂಪು ಟ್ರಕ್ಕಿನಲ್ಲಿ ಹೊಳೆಗೆ ಕರೆದೊಯ್ದು ಗುಂಡು ಹಾರಿಸುತ್ತಾನೆ. ಸಾಲದ್ದಕ್ಕೆ ಮುಳುಗಿಸುತ್ತಾನೆ. ಆಮೇಲೆ ಸೀಟಿನ ರಕ್ತ ತೊಳೆಯುತ್ತಾನೆ, ಆ ಸಾಲಿಗೇ ನಾವು ತಲೆದೂಗುತ್ತಿದ್ದುದು. ಕೊನೆಗೆ ಮದುವೆಯ ಬಿಳಿ ಗೌನಿನಲ್ಲಿ ಹೂಳುತ್ತಾನೆ. ಗೌನು ತರಲು ನಡುವೆ ಮನೆಗೆ ಹೋಗಿ ಬಂದನೇ? ಹಾಡು ಹೇಳುವುದಿಲ್ಲ. ಅವನ ತಾಯಿ ಅವನಿಗಾಗಿ ಪ್ರಾರ್ಥಿಸುತ್ತಾಳೆ, ನಾಯಿ ಅವನಿಗಾಗಿ ಊಳಿಡುತ್ತದೆ. ಸತ್ತವಳಿಗೆ ಒಂದು ಸಾಲೂ ಇಲ್ಲ. 'ಅಷ್ಟು ಪ್ರೀತಿಸಿದ್ದೆ' ಎಂದು ಪ್ರತಿ ಚರಣಕ್ಕೂ ಇವನದೇ ಗೋಳು.

ನಗು ಬಂತು. ನಕ್ಕ ಮೇಲೆ ಮೈ ಉರಿಯಿತು.

ಈ ಪ್ರೀತಿಯ ಮಾತನ್ನು ನಾನು ಬೇರೆ ಕಡೆಯೂ ಕೇಳಿದ್ದೇನೆ. ಶಿಕಾಗೋದಿಂದ ನಾಲ್ಕೈದು ಗಂಟೆ ದಾರಿಯ ಟ್ರಾಯ್‌ ಊರಿನಲ್ಲಿ ಸಂಸಾರ ಮಾಡುತ್ತಿದ್ದಾಗ, ದಿನಾ ಡಿಯರ್‌ಬಾರ್ನಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ ಗಂಡ, ಎಲ್ಲರೂ ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಯಾರ ಜೊತೆಗೋ ನಕ್ಕೆನೆಂದು ನನ್ನ ತಲೆಯನ್ನು ಫ್ರಿಜ್‌ಗೆ ಬಡಿದ. ಇನ್ನೊಂದು ಸಲ ಮಣಿಕಟ್ಟು ಮುರಿದ. ಎರಡು ಸಲವೂ ಅತ್ತವನು ಅವನೇ. ತುಂಬಾ ಪ್ರೀತಿ ಎಂದ. ಮಣಿಕಟ್ಟು ಮುರಿದ ಮೇಲೆ ಅಪ್ಪನಿಗೆ ಫೋನ್ ಮಾಡಿದರೆ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಎಂದಿದ್ದರು. ನಮ್ಮ ಮನೆಯಲ್ಲಿ ಉಣ್ಣುವ ತಟ್ಟೆಯೇ ಗೋಡೆಗೆ ಬಡಿದು ಚೂರಾಗಿತ್ತು. ಫೋನ್ ಮಾಡಿದ ಮರುದಿನ ಅವನು ಸ್ನಾನಕ್ಕೆ ಹೋದಾಗ ಕಾರಿನ ಕೀ ತೆಗೆದುಕೊಂಡು, ಕೂಸನ್ನು ಸೀಟಿಗೆ ಕಟ್ಟಿ, ಪ್ಲಾಸ್ಟರ್ ಹಾಕಿದ ಕೈಯಲ್ಲೇ ಶಿಕಾಗೋವರೆಗೆ ಓಡಿಸಿದೆ. ಅಪ್ಪ ಬಾಗಿಲು ತೆರೆದು ಕೂಸನ್ನು ಎತ್ತಿಕೊಂಡರು. ಆ ಅಡ್ಜಸ್ಟ್ ಮಾತು ಅಂದಿನಿಂದ ನಮ್ಮಿಬ್ಬರ ನಡುವೆ ಹಾಗೇ ಕೂತಿತ್ತು.

"ಇವಳು ಈ ಹಾಡು ಹಾಡಲ್ಲ," ಎಂದೆ.

"ಯಾಕಮ್ಮ? ಹಳೇ ಹಾಡು, ಒಳ್ಳೇ ಹಾಡು."

"ಅವನು ಅವಳನ್ನ ಕೊಂದು ಹಾಕ್ತಾನೆ ಅಪ್ಪ. ನಕ್ಕಿದ್ದಕ್ಕೆ."

"ಅದು ಬರೀ ಹಾಡು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರ ಕಣ್ಣು ಸ್ಟಿಯರಿಂಗ್ ಹಿಡಿದ ನನ್ನ ಎಡಗೈ ಮೇಲಿತ್ತು. ಆ ಮಣಿಕಟ್ಟು ಇನ್ನೂ ಸ್ವಲ್ಪ ಸೊಟ್ಟ.

ಹಿಂದಿನಿಂದ ಮಗಳು ಕೇಳಿದಳು: "ವೈ ಡಿಡಂಟ್ ಶೀ ಜಸ್ಟ್ ಟೇಕ್ ದ ಟ್ರಕ್?"

ನಿಜ. ಅವನು ಹೊಳೆದಂಡೆಯಲ್ಲಿ ಮೊಣಕಾಲೂರಿ ಬಂದೂಕಿಗೆ ಗುಂಡು ತುಂಬುತ್ತಿದ್ದಾನೆ. ಅವಳು ಕೂತ ಟ್ರಕ್ಕಿನ ಇಂಜಿನ್ ಗುರುಗುಟ್ಟುತ್ತಿದೆ ಎಂದು ಹಾಡೇ ಹೇಳುತ್ತದೆ. ಕೀ ಅದರಲ್ಲೇ ಇತ್ತು. ಇಷ್ಟು ವರ್ಷ ಹಾಡಿದ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ಅಪ್ಪ ಹಾಡು ನಿಲ್ಲಿಸಿದರು. ಗೋಪುರ ಇನ್ನೂ ಕಂಡಿರಲಿಲ್ಲ, ಭಜನೆಯನ್ನೂ ಹಾಕಲಿಲ್ಲ. ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ಬರುವ ತನಕ ಫೋನನ್ನು ತೊಡೆಯ ಮೇಲೆ ಮಗುಚಿಟ್ಟು ಕೂತಿದ್ದರು. ಪಾರ್ಕಿಂಗ್ ಲಾಟಿನಲ್ಲಿ ಮಗಳು ಇಳಿದು ಚಪ್ಪಲಿ ಬಿಡುವ ಕಡೆ ಓಡಿದಳು. ನಾನು ಇಂಜಿನ್ ಆಫ್ ಮಾಡಿದೆ.

"ಅವತ್ತು ನೀನು ನನ್ನ ಮಾತು ಕೇಳಲಿಲ್ಲ," ಎಂದರು ಅಪ್ಪ, ಗಾಜಿನಾಚೆ ನೋಡುತ್ತ. "ಕೇಳಿದ್ರೆ ಏನಾಗ್ತಿತ್ತು ಅಂತ ನಂಗೆ ದಿನಾ ಭಯ ಆಗುತ್ತೆ ಕಣೇ."