ಗೌಡಕಾಕಾನ ಮಣ್ಣಿಗೆ ಹೋದದ್ದು

ಹದಿನೆಂಟನೇ ವಯಸ್ಸಿನಲ್ಲಿ ನನ್ನಷ್ಟು ಭಕ್ತಿವಂತೆ ಇಡೀ ಬೈಲಹೊಂಗಲದಲ್ಲಿ ಇರಲಿಲ್ಲ; ಹಾಗೆಂದು ನಾನೇ ತಿಳಿದುಕೊಂಡಿದ್ದೆ. ಎಪ್ಪತ್ತರ ದಶಕ ಅದು. ನಮ್ಮ ಸಣ್ಣ ಚರ್ಚಿಗೆ ಹೊಸದಾಗಿ ಬಂದ ತರುಣ ಪಾದ್ರಿಗಳು ಏನು ಹೇಳಿದರೂ ನನಗೆ ಅದೇ ಕಡೆಯ ಮಾತು. ಸತ್ತವರನ್ನು ಹೂಳುವ ಕೆಲಸ ಸತ್ತವರಿಗೇ ಬಿಡು ಎಂದು ಯೇಸು ಒಬ್ಬನಿಗೆ ಹೇಳಿದ್ದನ್ನು ಒಂದು ರವಿವಾರ ಓದಿ, ಅನ್ಯಮತದವರ ಮಣ್ಣಿಗೆ ವಿಶ್ವಾಸಿಗಳು ಹೋಗಕೂಡದು ಎಂದರು. ನಾನು ವಹಿಯಲ್ಲಿ ಬರೆದುಕೊಂಡೆ, ಕೆಳಗೆ ಎರಡು ಗೆರೆ ಬೇರೆ!

ಆ ಬುಧವಾರವೇ ಪಕ್ಕದ ಮನೆಯ ಲಿಂಗಾಯತರ ಗೌಡಕಾಕಾ ತೀರಿಕೊಂಡರು. ಮೊಮ್ಮಕ್ಕಳ ಮದುವೆ ಕಂಡ ಜೀವ. ರೊಟ್ಟಿ ಉಂಡು ಮಲಗಿದವರು ಏಳಲಿಲ್ಲ. ಅವರೂ, ಶಾಲೆಯಲ್ಲಿ ಮಾಸ್ತರರಾಗಿದ್ದ ನಮ್ಮಪ್ಪನೂ ಮೂವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು ಜಗಳಾಡಿದವರು.

"ನಿಮ್ಮಾಗ ಹೆಣಾ ಕೂಡಿಸಿ ಹೂಳತೀರಿ. ಪಾಪ, ಕಾಲು ಹಿಡಿಯಂಗಿಲ್ಲೇನ್ರಿ?" ಎಂದು ಅಪ್ಪ ಕಾಡುತ್ತಿದ್ದರು.

"ನಿಮ್ಮವರು ಮಲಗೇ ಬಿಡತಾರಲ್ಲ ಮಾಸ್ತರ, ದೇವರು ಕರದಾಗ ಏಳೂದು ತಡ ಆಗತೈತಿ ನೋಡ್ರಿ!" ಎನ್ನುತ್ತಿದ್ದರು ಕಾಕಾ.

ಸುದ್ದಿ ಬಂದಾಗ ಅಪ್ಪ ರುಮಾಲು ಸುತ್ತತೊಡಗಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೋಗಬ್ಯಾಡ್ರಿ ಅಪ್ಪಾ. ವಾಕ್ಯ ಹಾಂಗ ಐತಿ."

"ಹೌದಾ? ಹೆಣಾ ಎದ್ದು ಗುದ್ದಲಿ ಹಿಡದದ್ದು ನೀ ಎಲ್ಲೆರ ನೋಡೀಯೇನು?"

"ಹೆಣಾ ಅಲ್ಲರಿ, ಆತ್ಮದಾಗ ಸತ್ತವರು."

"ಶಾಭಾಸ್! ಅಂದ್ರ ಹೂಳಿಸ್ಕೊಳ್ಳಾವ ಖರೇ ಸತ್ತಾವ, ಹೂಳಾವ ಬರೇ ಮಾತಿಗೆ ಸತ್ತಾವ. ಇಷ್ಟು ಬಿಡಿಸಿದಾಕಿ ಮುಂದಿಂದೂ ಬಿಡಿಸು. ಗೆಳೆಯಾ ಸತ್ತರ ಮನ್ಯಾಗ ಕುಂತಾವ ಜೀವಂತ ಇದ್ದಾನೋ, ಹೋಗಿ ಹೆಗಲು ಕೊಟ್ಟಾವನೋ?"

ಅಪ್ಪ ನನ್ನನ್ನು ಸರಿಸಿ ಹೊರಟೇ ಬಿಟ್ಟರು. ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಹೇಗಾದರೂ ವಾಪಸು ಕರೆತರುತ್ತೇನೆಂದು ಅವರ ಹಿಂದೆಯೇ ಹೋದೆ.

ಗೌಡರ ಅಂಗಳದಲ್ಲಿ ಭಜನೆಯವರು ತಾಳ ಹಿಡಿದು ಸುಮ್ಮನೆ ನಿಂತಿದ್ದರು. ಕಾಕಾನನ್ನು ಹಣೆ ತುಂಬ ವಿಭೂತಿ ಹಚ್ಚಿ, ಹೆಗಲ ಮೇಲೆ ಹೊರುವ ಹೂವಿನ ವಿಮಾನದಲ್ಲಿ ಕೂಡಿಸಿದ್ದರು. ಹೊತ್ತಾಯಿತೆಂದು ಹಿರಿಯರು ಅವಸರ ಮಾಡುತ್ತಿದ್ದರೂ ಕಾಕಾನ ಹೆಂಡತಿ ಎತ್ತಲು ಬಿಟ್ಟಿರಲಿಲ್ಲ. ಅಪ್ಪನನ್ನು ನೋಡಿದ್ದೇ ತಡ, "ಬಂದ್ರೇನ್ರಿ ಮಾಸ್ತರ? ನೀವು ಬರೂತನಕ ಅವರು ಏಳಂಗಿಲ್ಲ ಅಂತ ಹಟಾ ಹಿಡಿದು ಕುಂತೇನ್ರಿ," ಎಂದು ಅತ್ತರು. ವಿಮಾನದ ಮುಂದಿನ ಒಂದು ಮೂಲೆಗೆ ಯಾರೂ ಹೆಗಲು ಕೊಡದೆ ಜಾಗ ಬಿಟ್ಟಿದ್ದರು. ಅಪ್ಪ ಹೋಗಿ ಕೊಟ್ಟರು. ಕರೆಯಲು ಬಂದ ನಾನು ಆ ತಾಯಿಯ ಪಕ್ಕ ಕೂತು ಹೋ ಎಂದು ಅತ್ತೆ. ಅತ್ತ ಮೇಲೆ ಎಷ್ಟು ಹಗುರವಾಯಿತೆಂದರೆ, ಅಂದಿನ ಸಂಜೆ ಅವರಿಗೆ ನಾನೇ ಚಹಾ ಮಾಡಿ ಕುಡಿಸಿ ಬಂದೆ.

ರವಿವಾರ ಚರ್ಚಿನ ಬಾಗಿಲಲ್ಲೇ ಪಾದ್ರಿಗಳು ತಡೆದರು.

"ಮಾಸ್ತರ, ಗೌಡರ ಮಣ್ಣಿಗೆ ಹೋಗಿದ್ರಂತ?"

"ಹೋಗಿದ್ನಿರಿ. ಹೂಳವರೆಲ್ಲಾ ಸತ್ತವರು ಅನ್ನೂದಾದ್ರ, ಆ ಪಟ್ಟಿಯೊಳಗ ನನ್ನ ಹೆಸರೂ ಬರಕೊಳ್ರಿ," ಎಂದರು ಅಪ್ಪ, ನಗುತ್ತಲೇ.

ಪಾದ್ರಿಗಳು ನನ್ನ ಕಡೆ ತಿರುಗಿದರು, ನೀನಾದರೂ ಬುದ್ಧಿ ಹೇಳಬಾರದೇ ಎನ್ನುವ ಹಾಗೆ.

"ಅದರ ಕೆಳಗ ನಂದೂ ಬರಕೊಳ್ರಿ," ಎಂದೆ.