ಆನೆ ಓಡಿಸುವ ಡಬ್ಬ

ತಿತಿಮತಿಯ ನಮ್ಮ ಹೋಂಸ್ಟೇಗೆ ಬಂದಿದ್ದ ಹುಡುಗಿ ಬೆಳಿಗ್ಗೆಯಿಂದ ಗೆಳೆಯನಿಗೊಂದು ಉಡುಗೊರೆ ಹುಡುಕುತ್ತಿದ್ದಳು. ಅವನಿಗೆ ದಾಳ ಉರುಳಿಸುತ್ತ ಮಂತ್ರವಾದಿ, ರಾಕ್ಷಸರ ಕಥೆ ಕಟ್ಟುವ ಆಟದ ಹುಚ್ಚಂತೆ. ಜೇನು, ಕಾಫಿಪುಡಿ, ಕರಿಮೆಣಸು ಎಲ್ಲ ತೋರಿಸಿ ನನಗೆ ಸಾಕಾಗಿತ್ತು. ಕೊನೆಗೆ ಅವಳ ಕಣ್ಣು ಗೋಡೆಗೆ ತೂಗುಹಾಕಿದ್ದ ನೆಗ್ಗಿದ ತಗಡಿನ ಡಬ್ಬದ ಮೇಲೆ ಬಿತ್ತು.

“ಇದೇನು ಅಂಕಲ್?”

“ತೋಟಕ್ಕೆ ಆನೆ ಬಂದ್ರೆ ಬಡಿಯೋದು.”

“ಅವನ ಆಟದಲ್ಲಿ ಪ್ರತಿ ಆಯುಧಕ್ಕೂ ಒಂದು ಶಕ್ತಿ ಇರಬೇಕು. ಇದನ್ನ ಬಡಿದ್ರೆ ಆನೆ ಓಡುತ್ತಾ?”

“ಮೊದಲು ಓಡ್ತಿತ್ತು. ಈಗ ನಿಂತು ಕೇಳ್ತದೆ. ಆಮೇಲೆ ಹಲಸಿನಹಣ್ಣು ಮುಗಿಸ್ಕೊಂಡು ನಿಧಾನ ಹೋಗ್ತದೆ.”

ಅವಳಿಗೆ ಅದೇ ಇಷ್ಟವಾಯಿತು. ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅವರ ಆಟದಲ್ಲಾದರೂ ಆ ಡಬ್ಬಕ್ಕೆ ಯಾರಾದರೂ ಹೆದರಲಿ.